ನಾನೂರು ರೂಪಾಯಿ ಉಳಿಸೋಕೆ ಹೋಗಿ: ಕಾರಿನ ಯಾವ ರಿಪೇರಿ ನಾವೇ ಮಾಡ್ಬೇಕು, ಯಾವುದು ಬಿಡ್ಬೇಕು?

ನಮ್ಮ ರೂಮಿನ ನಾಲ್ಕು ಜನಕ್ಕೂ ಸೇರಿ ಒಂದು ಕಾರಿದೆ. ರೂಮ್‌ಮೇಟ್ ಒಬ್ಬನ ಅಪ್ಪ ಓಡಿಸ್ತಿದ್ದ 2014ರ ಆಲ್ಟೊ 800. ಕೀ ಕೊಡುವಾಗ ಅಂಕಲ್ ಹೇಳಿದ್ದು ಒಂದೇ ಮಾತು: "ಪೆಟ್ರೋಲು, ರಿಪೇರಿ ಎಲ್ಲಾ ನಿಮ್ದೇ ಕಣ್ರಪ್ಪಾ, ನನ್ನ ಕೇಳ್ಬೇಡಿ." ಪೆಟ್ರೋಲ್ ಖರ್ಚು ಹಂಚಿಕೊಳ್ಳೋದು ಸುಲಭ. ರಿಪೇರಿ ಬಂದ್ರೆ ಮಾತ್ರ ಮೆಸ್ ಬಿಲ್ಲಿಗೇ ಕೈ ಹಾಕಬೇಕು. ಹಾಗಾಗಿ "ನಾವೂ ಇಂಜಿನಿಯರಿಂಗ್ ಓದ್ತಿದೀವಿ ತಾನೆ" ಅಂತ ಸ್ಪ್ಯಾನರ್ ಹಿಡಿದ್ವಿ. ಒಂದು ವರ್ಷದಲ್ಲಿ ಕಲಿತದ್ದನ್ನ ಇಲ್ಲಿ ಬರೀತಿದೀವಿ. ಮೊದಲು ನಾವು ಮಾಡಿದ ತಪ್ಪು.

ಆ ಭಾನುವಾರ

ಮುಂದಿನ ಬ್ರೇಕ್ ಪ್ಯಾಡ್ ಸವೆದಿತ್ತು. ಗ್ಯಾರೇಜಲ್ಲಿ ಹಾಕೋ ಕೂಲಿ ನಾನೂರು ಅಂದ್ರು. ನಾವು ಪ್ಯಾಡ್ ಮಾತ್ರ ತಂದು, ವಿಡಿಯೋ ನೋಡಿ, ಹಾಸ್ಟೆಲ್ ಹಿಂದೆ ನಾವೇ ಹಾಕಿದ್ವಿ. ಎರಡು ಗಂಟೆ ಹಿಡೀತು, ಎಲ್ಲಾ ಸರಿಯಾಗಿ ಕೂತ್ಕೊಂಡ್ತು. ಸ್ಟಾರ್ಟ್ ಮಾಡಿ ಕಾರು ಮುಂದೆ ಬಿಟ್ಟು ಬ್ರೇಕ್ ತುಳಿದರೆ ಪೆಡಲ್ ಸೀದಾ ಕೆಳಗೆ ಹೋಯ್ತು. ಅಲ್ಲಿ ಗೇಟಿನ ಕಡೆಗೆ ಇಳಿಜಾರು. ಪಕ್ಕದಲ್ಲಿ ಕೂತವನು ಹ್ಯಾಂಡ್‌ಬ್ರೇಕ್ ಎಳೆದ. ವಾಚ್‌ಮನ್ ತಾತನ ಕುರ್ಚಿಗೆ ಬಂಪರ್ ತಾಗಿ ಕುರ್ಚಿ ಉರುಳಿ ಬಿತ್ತು. ತಾತ ಟೀ ಕುಡಿಯೋಕೆ ಹೋಗಿದ್ರು. ಹೋಗಿರದಿದ್ರೆ ಏನಾಗ್ತಿತ್ತು ಅಂತ ಆ ರಾತ್ರಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಕಾರಣ ತುಂಬಾ ಸರಳ. ಹೊಸ ಪ್ಯಾಡ್ ದಪ್ಪ ಇರುತ್ತೆ. ಅದಕ್ಕೆ ಜಾಗ ಮಾಡೋಕೆ ಕ್ಯಾಲಿಪರ್‌ನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಒತ್ತಿದ ಮೇಲೆ ಪಿಸ್ಟನ್‌ಗೂ ಪ್ಯಾಡ್‌ಗೂ ನಡುವೆ ಸಂದು ಉಳಿಯುತ್ತೆ. ಮೊದಲ ಕೆಲವು ಸಲ ತುಳಿದಾಗ ಬ್ರೇಕ್ ಆಯಿಲ್ ಆ ಸಂದು ಮುಚ್ಚೋದಕ್ಕೇ ಹೋಗುತ್ತೆ, ಒತ್ತಡ ಹುಟ್ಟಲ್ಲ. ಕಾರು ನಿಂತಿರುವಾಗಲೇ ಪೆಡಲ್ ಗಟ್ಟಿಯಾಗೋವರೆಗೂ ನಾಲ್ಕಾರು ಸಲ ತುಳಿಯಬೇಕಿತ್ತು, ಅಷ್ಟೇ. ವಿಡಿಯೋದಲ್ಲಿ ಅದನ್ನ ಹೇಳಿದ್ರು. ನಾವು ಡಬಲ್ ಸ್ಪೀಡಲ್ಲಿ ನೋಡಿದ್ವಿ. ಪಾಸ್ಕಲ್‌ನ ನಿಯಮ ಬರೆದು ಮಾರ್ಕ್ಸ್ ತಗೊಂಡವರೂ ನಾವೇ! ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನು ಕೇಬಲ್ ಮೂಲಕ ಹಿಡಿಯುತ್ತೆ, ಅದಕ್ಕೆ ಬ್ರೇಕ್ ಆಯಿಲ್ ಬೇಕಿಲ್ಲ. ಹಾಗಾಗಿ ಉಳಿದುಕೊಂಡ್ವಿ.

ಉಳಿತಾಯ ಲೆಕ್ಕ ಹಾಕಿದ್ರೆ ತಲೆಗೆ ನೂರು ರೂಪಾಯಿ.

ಮೂರು ಪ್ರಶ್ನೆ

ಅವತ್ತಿಂದ ಯಾವ ಕೆಲಸಕ್ಕೂ ಕೈ ಹಾಕೋ ಮುಂಚೆ ಮೂರು ಪ್ರಶ್ನೆ ಕೇಳ್ಕೋತೀವಿ. ಈ ಕ್ರಮದಲ್ಲೇ.

1. ತಪ್ಪಾದ್ರೆ ಏನಾಗುತ್ತೆ? ವೈಪರ್ ಸರಿಯಾಗಿ ಕೂರದಿದ್ರೆ ಗಾಜು ಒರೆಸಲ್ಲ. ಬ್ರೇಕ್ ತಪ್ಪಾದ್ರೆ ಇನ್ನೊಬ್ಬರ ಜೀವ. ಈ ಪ್ರಶ್ನೆಯಲ್ಲೇ ಫೇಲ್ ಆದ ಕೆಲಸಕ್ಕೆ ಮುಂದಿನ ಎರಡು ಪ್ರಶ್ನೆ ಬೇಡ.

2. ತಪ್ಪಾಗಿದೆ ಅಂತ ಗೊತ್ತಾಗುತ್ತಾ, ವಾಪಸ್ ಸರಿ ಮಾಡ್ಬೋದಾ? ಬಲ್ಬ್ ಹಾಕಿದ್ರೆ ಉರಿಯುತ್ತೆ ಅಥವಾ ಉರಿಯಲ್ಲ, ಅಲ್ಲೇ ತಿಳಿಯುತ್ತೆ. ಸ್ಪಾರ್ಕ್ ಪ್ಲಗ್ ಓರೆಯಾಗಿ ತಿರುಗಿಸಿದ್ರೆ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ಡೇ ಹಾಳಾಗುತ್ತೆ.

3. ಟೂಲ್ ಸೇರಿಸಿದ ಮೇಲೂ ಲಾಭ ಇದೆಯಾ? ವರ್ಷಕ್ಕೊಮ್ಮೆ ಮಾಡೋ ಕೆಲಸಕ್ಕೆ ದುಬಾರಿ ಟೂಲ್ ಕೊಂಡ್ರೆ ಅದು ಉಳಿತಾಯ ಅಲ್ಲ, ಶೋಕಿ.

ಧೈರ್ಯವಾಗಿ ಮಾಡಿ

ಏರ್ ಫಿಲ್ಟರ್, ವೈಪರ್ ಬ್ಲೇಡ್, ಬಲ್ಬ್, ಟೈರಿನ ಗಾಳಿ ನೋಡೋದು. ಏರ್ ಫಿಲ್ಟರ್‌ಗೆ ಕ್ಲಿಪ್ ತೆಗೆದು ಹಳೇದು ಎತ್ತಿ ಹೊಸದು ಇಡೋದಷ್ಟೇ ಕೆಲಸ.

ಫ್ಯೂಸ್ ಕೂಡ ನಾವೇ ಹಾಕ್ಬೋದು, ಆದ್ರೆ ಅದೇ ಆಂಪಿಯರ್‌ದು: ಸಾಮಾನ್ಯವಾಗಿ ಕೆಂಪು 10, ನೀಲಿ 15, ಹಳದಿ 20. ಫ್ಯೂಸ್ ಬದಲು ತಂತಿ ಸುತ್ತಿದ್ರೆ ಫ್ಯೂಸ್ ಸುಡೋ ಜಾಗದಲ್ಲಿ ವೈರಿಂಗ್ ಸುಡುತ್ತೆ.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ರೆ ಬಿಚ್ಚಿ ಕ್ಲೀನ್ ಮಾಡಿ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಕಾರಿನ ಬಾಡಿಯೇ ನೆಗೆಟಿವ್ ಆಗಿರೋದ್ರಿಂದ, ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದ್ರೆ ಶಾರ್ಟ್ ಆಗುತ್ತೆ.

ಒಂದ್ಸಲ ಗೊತ್ತಿರೋರ ಜೊತೆ ಮಾಡಿ

ಸ್ಟೆಪ್ನಿ ಬದಲಾಯಿಸೋದು ಎಲ್ಲರಿಗೂ ಬರಬೇಕು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿ, ಆಮೇಲೆ ಜಾಕ್. ಬಿಗಿ ಮಾಡುವಾಗ ಎದುರುಬದುರು ನಟ್ಟು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ.

ಸ್ಪಾರ್ಕ್ ಪ್ಲಗ್‌ಗೆ ಇಂಜಿನ್ ತಣ್ಣಗಿರಬೇಕು, ಮೊದಲ ಸುತ್ತುಗಳು ಕೈಯಲ್ಲೇ ಆಗಬೇಕು. ಬಿಸಿ ಇಂಜಿನ್‌ನ ರೇಡಿಯೇಟರ್ ಮುಚ್ಚಳ ತೆಗೀಬೇಡಿ, ಒತ್ತಡದಲ್ಲಿರೋ ಕೂಲೆಂಟ್ ಮುಖಕ್ಕೇ ಚಿಮ್ಮುತ್ತೆ. ಇಂಜಿನ್ ಆಯಿಲ್ ನಾವೇ ಬದಲಾಯಿಸ್ಬೋದು. ಆದ್ರೆ ಹಳೇ ಆಯಿಲ್‌ನ ಚರಂಡಿಗೆ ಸುರಿಯೋ ಹಾಗಿಲ್ಲ, ಕ್ಯಾನಲ್ಲಿ ತುಂಬಿ ಗ್ಯಾರೇಜಿಗೇ ಕೊಡಬೇಕು. ಅಲ್ಲಿವರೆಗೂ ಹೋಗೋದಾದ್ರೆ ಅಲ್ಲೇ ಮಾಡಿಸೋದು ವಾಸಿ ಅನ್ನೋದು ನಮ್ಮ ಅನುಭವ.

ಗ್ಯಾರೇಜಿಗೆ ಬಿಡಿ

ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್, ಪೆಟ್ರೋಲ್ ಲೈನ್, ಏರ್‌ಬ್ಯಾಗ್ ಇದ್ರೆ ಅದರ ವೈರಿಂಗ್, ಎಸಿ ಗ್ಯಾಸ್, ಟೈಮಿಂಗ್ ಬೆಲ್ಟ್. ಮನೆಯ ಕಾರು ವಾರಂಟಿಯಲ್ಲಿದ್ರೆ ಸಣ್ಣ ಕೆಲಸಕ್ಕೂ ಮುಂಚೆ ವಾರಂಟಿ ಪುಸ್ತಕ ಓದಿ.

ಗ್ಯಾರೇಜಲ್ಲೂ ದುಡ್ಡು ಉಳಿಸ್ಬೋದು. ಪಾರ್ಟ್‌ಗೆ ಎಷ್ಟು, ಕೂಲಿಗೆ ಎಷ್ಟು ಅಂತ ಬೇರೆ ಬೇರೆ ಕೇಳಿ. ತೆಗೆದ ಹಳೇ ಪಾರ್ಟ್ ತೋರಿಸೋಕೆ ಹೇಳಿ. ಕೆಲಸ ಆಗುವಾಗ ಪಕ್ಕದಲ್ಲಿ ನಿಂತು ನೋಡಿ.

ಆ ಭಾನುವಾರದ ಕಥೆ ಹೇಳಿದಾಗ ನಮ್ಮ ಗ್ಯಾರೇಜಿನ ಅಣ್ಣ ಬೈಯಲಿಲ್ಲ. "ನಾನೂ ಕಲಿಯುವಾಗ ಇದೇ ತಪ್ಪು ಮಾಡಿದ್ದೆ ಮಗಾ, ಆದ್ರೆ ನನ್ ಪಕ್ಕ ಮೇಸ್ತ್ರಿ ಇದ್ರು" ಅಂದ್ರು. ನಾವು ಓದ್ತಿರೋದಕ್ಕೂ ಅವರಿಗೆ ಗೊತ್ತಿರೋದಕ್ಕೂ ಇರೋ ವ್ಯತ್ಯಾಸ ಅದೇ. ಈಗ ಬ್ರೇಕ್ ಕೆಲಸಕ್ಕೆ ಕೂಲಿ ಕೊಟ್ಟು ಪಕ್ಕದಲ್ಲಿ ನಿಂತು ನೋಡ್ತೀವಿ. ಏರ್ ಫಿಲ್ಟರ್ ಮಾತ್ರ ಯಾರಿಗೂ ಮುಟ್ಟೋಕೆ ಬಿಡಲ್ಲ, ಅದು ನಮ್ದೇ!

ತಾತನಿಗೆ ವಿಷಯ ಹೇಳಿ ಕ್ಷಮೆ ಕೇಳಿದ್ವಿ. ಅವರು ಕುರ್ಚಿನ ಗೇಟಿನ ಆ ಕಡೆಗೆ ಹಾಕ್ಕೊಂಡಿದಾರೆ.