ಕ್ಲಿಕ್ಕಿನ ದಾಖಲೆ: ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನು ಗಣಕದಲ್ಲಿ ಓದುವ ಬಗೆ

ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್ ಅಲ್ಲಿನ ಶಿಲಾಸಮಾಧಿಗಳನ್ನು ಕುರಿತು 1850ರ ದಶಕದಲ್ಲಿ ಬರೆದುದು ಕರ್ನಾಟಕದ ಬೃಹತ್ ಶಿಲಾ ಸಂಸ್ಕೃತಿಯ ಅಧ್ಯಯನದ ಆರಂಭಘಟ್ಟಕ್ಕೆ ಸೇರುತ್ತದೆ. ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಗುಂಡುಗಲ್ಲುಗಳನ್ನು ಸಾಲುಸಾಲಾಗಿ ಇರಿಸಿದ ನೆಲೆಯೂ ಅವನ ಗಮನಕ್ಕೆ ಬಂದಿತ್ತು. ಈ ಬಗೆಯ ನೆಲೆಗಳನ್ನು ಕುರಿತ ಆಲ್ಚಿನ್ ಅವರ ಲೇಖನ ಪ್ರಕಟವಾದುದು 1956ರಲ್ಲಿ. (ಯಾದಗಿರಿ ಜಿಲ್ಲೆ 2009ರಲ್ಲಿ ರಚಿತವಾದುದರಿಂದ ಹಳೆಯ ಬರಹಗಳಲ್ಲಿ ಆ ಹೆಸರಿನಡಿ ಹುಡುಕಿದರೆ ಇವು ಸಿಗುವುದಿಲ್ಲ.)

ಇಂಥ ನೆಲೆಯಲ್ಲಿ ಮೂಲಪ್ರಶ್ನೆ ಒಂದೇ: ಯಾವ ಕಲ್ಲು ಯಾವ ಸಾಲಿಗೆ ಸೇರಿದ್ದು? ಕದಲಿದ ಕಲ್ಲುಗಳಿರುತ್ತವೆ, ಸಹಜವಾಗಿಯೇ ಬಿದ್ದಿರುವ ಬಂಡೆಗಳೂ ಇರುತ್ತವೆ. ಮುದ್ರಿತ ನಕ್ಷೆಯಲ್ಲಿ ಸಾಲಿನ ಗೆರೆ ಕಾಣುತ್ತದೆಯೇ ಹೊರತು, ಅದನ್ನು ಎಳೆಯುವಾಗ ಸಂಶೋಧಕನು ಯಾವ ಕಲ್ಲನ್ನು ಸ್ವೀಕರಿಸಿದ, ಯಾವುದನ್ನು ಬಿಟ್ಟ ಎಂಬುದು ಕಾಣುವುದಿಲ್ಲ.

ಕಲ್ಲುಗಳ ಅಳತೆಗಳನ್ನು ಸಂಖ್ಯಾಶಾಸ್ತ್ರದ ‘ಆರ್’ ಭಾಷೆಯಲ್ಲಿ ಬಿಂದುಗಳಾಗಿ ಚಿತ್ರಿಸಿದರೆ ಈ ಆಯ್ಕೆಯನ್ನು ಮೌಸ್ ಕ್ಲಿಕ್ಕಿನಿಂದ ಮಾಡಬಹುದು. ‘ಲೊಕೇಟರ್’ ಆಜ್ಞೆ ಕ್ಲಿಕ್ಕಿಸಿದ ಸ್ಥಾನವನ್ನು ಚಿತ್ರದ ಅಕ್ಷಗಳ ಮಾನದಲ್ಲೇ, ಅಂದರೆ ಮೀಟರಿನಲ್ಲಿ ಅಳೆದಿದ್ದರೆ ಮೀಟರಿನಲ್ಲೇ, ನೀಡುತ್ತದೆ. ‘ಐಡೆಂಟಿಫೈ’ ಅತ್ಯಂತ ಸಮೀಪದ ಬಿಂದುವಿನ ಕ್ರಮಸಂಖ್ಯೆಯನ್ನು ನೀಡುತ್ತದೆ. ಕ್ಲಿಕ್ಕು ಕಾಲು ಅಂಗುಲದೊಳಗೆ ಬೀಳಬೇಕೆಂಬುದು ಅದರ ರೂಢಿಯ ಮಿತಿ. ಕಲ್ಲಿನ ಓದಿಗೆ ಎರಡನೆಯದೇ ಹೆಚ್ಚು ವಿಶ್ವಸನೀಯ: ಕೈಯ ನಡುಕ ಅದರಲ್ಲಿ ಉಳಿಯುವುದಿಲ್ಲ, ಸಂಖ್ಯೆಯನ್ನು ಹಿಡಿದು ಕ್ಷೇತ್ರಕಾರ್ಯದ ಪುಸ್ತಕಕ್ಕೆ ಹಿಂದಿರುಗಬಹುದು. ಆದರೆ ಸಾಲಿನಲ್ಲಿ ಕಲ್ಲು ಕಾಣೆಯಾಗಿರುವ ಬರಿದಾದ ಜಾಗವನ್ನು ಗುರುತಿಸಲು ‘ಲೊಕೇಟರ್’ ಬೇಕೇ ಬೇಕು. ಕ್ಲಿಕ್ಕಿಸಿದ ಅನುಕ್ರಮವೂ ಮುಖ್ಯವಾದರೆ ‘ಐಡೆಂಟಿಫೈ’ಗೆ ಅದನ್ನು ಪ್ರತ್ಯೇಕವಾಗಿ ಸೂಚಿಸತಕ್ಕದ್ದು.

ಉತ್ತರವನ್ನು ಒಂದು ಹೆಸರಿಗೆ ಒಪ್ಪಿಸಿ ಉಳಿಸದಿದ್ದಲ್ಲಿ ಕ್ಲಿಕ್ಕು ಕ್ಷಣಿಕ. ‘ಡಿಪುಟ್’ ಆಜ್ಞೆಯಿಂದ ಅದನ್ನು ಪಠ್ಯಕಡತವಾಗಿಸಿ, ಕಡತವಿದ್ದರೆ ಅದನ್ನೇ ಓದಿ, ಇಲ್ಲದಿದ್ದರೆ ಮಾತ್ರ ಕ್ಲಿಕ್ಕು ಕೇಳುವಂತೆ ಕ್ರಮವಿಧಿಯನ್ನು ಬರೆಯುವುದು ಲೇಸು. ಪಿಡಿಎಫ್ ಚಿತ್ರಕ್ಕೆ ಕ್ಲಿಕ್ಕೆಂಬುದೇ ಇಲ್ಲವಾದ್ದರಿಂದ, ಅಂತಿಮ ನಕ್ಷೆಯನ್ನು ಮುದ್ರಣಕ್ಕೆ ಸಿದ್ಧಗೊಳಿಸುವಾಗಲೂ ಈ ಕಡತವೇ ಆಧಾರ. ‘ರೆಕಾರ್ಡ್ ಪ್ಲಾಟ್’ ಈ ಕೆಲಸಕ್ಕೆ ಒದಗದು. ಅದು ಉಳಿಸುವುದು ಚಿತ್ರವನ್ನು, ನಿರ್ಣಯವನ್ನಲ್ಲ. ಮೇಲಾಗಿ ಅದರ ರೂಪ ಆವೃತ್ತಿಯಿಂದ ಆವೃತ್ತಿಗೆ ಬದಲಾಗಬಹುದೆಂದು, ಶಾಶ್ವತ ಸಂಗ್ರಹಕ್ಕೆ ತಗದೆಂದು ‘ಆರ್’ನ ಕೈಪಿಡಿಯೇ ಎಚ್ಚರಿಸುತ್ತದೆ.

ಇಬ್ಬರು ವಿದ್ವಾಂಸರು ಒಬ್ಬರ ಗುರುತನ್ನೊಬ್ಬರು ನೋಡದೆ ಅದೇ ನಕ್ಷೆಯ ಮೇಲೆ ಸಾಲುಗಳನ್ನು ಕ್ಲಿಕ್ಕಿಸಿದಾಗ ಈ ವಿಧಾನದ ನಿಜವಾದ ಉಪಯೋಗ ತಿಳಿಯುತ್ತದೆ. ಎರಡು ಕಡತಗಳನ್ನು ಒಂದೇ ಚಿತ್ರದ ಮೇಲೆ ಮರುನಡೆಸಿ, ಭಿನ್ನವಾಗಿ ಕಂಡ ಕಲ್ಲುಗಳ ಕ್ರಮಸಂಖ್ಯೆಗಳನ್ನಷ್ಟೇ ಬರೆದುಕೊಂಡು ವಿಭೂತಿಹಳ್ಳಿಗೆ ಮತ್ತೆ ಹೋಗಬಹುದು.