ಅಕ್ಕಪಕ್ಕದ ಪ್ರಭಾವ ಅಳೆಯಲು ಯಾವ ಮಾದರಿ ಸರಿ?

ಮನೆ ಬೆಲೆ, ಕಳ್ಳತನ, ಬೆಳೆ ಇಳುವರಿ ಇವೆಲ್ಲ ಒಂದು ಬಡಾವಣೆಯ ಅಥವಾ ಊರಿನ ಗಡಿಗೆ ನಿಲ್ಲುವುದಿಲ್ಲ. ಆದರೆ ಸಾಮಾನ್ಯ ರಿಗ್ರೆಷನ್ ಪ್ರತಿ ಪ್ರದೇಶಕ್ಕೂ ನೆರೆಯವರ ಹಂಗಿಲ್ಲವೆಂದೇ ಲೆಕ್ಕ ಹಾಕುತ್ತದೆ. ಈ ಕೊರತೆ ನೀಗಿಸಲು ಸ್ಪೇಷಿಯಲ್ ಎಕನಾಮೆಟ್ರಿಕ್ಸ್‌ನಲ್ಲಿ ಮುಖ್ಯವಾಗಿ ಎರಡು ಮಾದರಿಗಳಿವೆ. ನೆರೆಯ ಫಲಿತಾಂಶವೇ ನಮ್ಮ ಫಲಿತಾಂಶವನ್ನು ಬದಲಿಸುತ್ತದೆ ಎನ್ನುವುದು ‘ಲ್ಯಾಗ್’. ನಾವು ಅಳೆಯದೆ ಬಿಟ್ಟ ಅಂಶಗಳು ಅಕ್ಕಪಕ್ಕದಲ್ಲಿ ಒಂದೇ ತೆರನಾಗಿವೆ ಎನ್ನುವುದು ‘ಎರರ್’.

ಆಯ್ಕೆಯ ಕ್ರಮ ಕಲಿಯಲು ಅಮೆರಿಕದ ಓಹಾಯೊ ರಾಜ್ಯದ ಕೊಲಂಬಸ್ ನಗರದ 1980ರ ದತ್ತಾಂಶ ಒಳ್ಳೆಯದು. ಈ ಕ್ಷೇತ್ರದ ತಜ್ಞ ಲೂಕ್ ಆನ್ಸೆಲಿನ್ 1988ರ ತಮ್ಮ ಪುಸ್ತಕದಲ್ಲಿ ಬಳಸಿದ ಇದರಲ್ಲಿ 49 ಬಡಾವಣೆಗಳ ಮನೆಗಳವು ಮತ್ತು ವಾಹನ ಕಳವಿನ ಪ್ರಮಾಣ, ಕುಟುಂಬದ ಆದಾಯ, ಮನೆ ಬೆಲೆಯ ವಿವರಗಳಿವೆ. ಉಚಿತವಾಗಿ ಸಿಗುವ ಜಿಯೋಡಾ ಅಥವಾ ಆರ್ ತಂತ್ರಾಂಶ ಸಾಕು.

1. ನೆರೆ ಯಾರೆಂದು ಮೊದಲೇ ನಿರ್ಧರಿಸಿ. ಗಡಿ ಹಂಚಿಕೊಂಡವರೇ, ಇಷ್ಟು ದೂರದೊಳಗಿನವರೇ, ಹತ್ತಿರದ ನಾಲ್ವರೇ? ಈ ಪಟ್ಟಿಯೇ ತೂಕದ ಕೋಷ್ಟಕ. ಪ್ರತಿ ಸಾಲಿನ ಮೊತ್ತ 1 ಬರುವಂತೆ ಹೊಂದಿಸುವುದು ರೂಢಿ. ಫಲಿತಾಂಶ ನೋಡಿಕೊಂಡು ಪಟ್ಟಿ ತಿದ್ದಬೇಡಿ.

2. ಸಾಮಾನ್ಯ ರಿಗ್ರೆಷನ್ ಮಾಡಿ, ಅದರ ಶೇಷಗಳ ಮೇಲೆ ಮೊರಾನ್ ಪರೀಕ್ಷೆ ನಡೆಸಿ. ಹೆಚ್ಚಿನ ಶೇಷಗಳ ಪಕ್ಕ ಹೆಚ್ಚಿನವೇ ಗುಂಪುಗೂಡಿದ್ದರೆ ಅದು ಎಚ್ಚರಿಸುತ್ತದೆ. ಆದರೆ ಲ್ಯಾಗ್ ಬೇಕೋ ಎರರ್ ಬೇಕೋ ಎಂದು ಹೇಳುವುದಿಲ್ಲ.

3. ಅದಕ್ಕಾಗಿ ಲ್ಯಾಗ್‌ಗೊಂದು, ಎರರ್‌ಗೊಂದು ಇರುವ ಲಗ್ರಾಂಜ್ ಮಲ್ಟಿಪ್ಲೈಯರ್ ಪರೀಕ್ಷೆಗಳೆರಡನ್ನೂ ನೋಡಿ. ಎರಡೂ ಮಹತ್ವದ್ದಲ್ಲದಿದ್ದರೆ, ಅಂದರೆ ಪಿ-ಮೌಲ್ಯ 0.05ಕ್ಕಿಂತ ಹೆಚ್ಚಿದ್ದರೆ, ಸಾಮಾನ್ಯ ರಿಗ್ರೆಷನ್ ಸಾಕು. ಒಂದೇ ಮಹತ್ವದ್ದಾದರೆ ಆ ಮಾದರಿ ಹಿಡಿಯಿರಿ. ಕೊಲಂಬಸ್‌ನಲ್ಲಿ ಎರಡರ ಪಿ-ಮೌಲ್ಯವೂ 0.05ಕ್ಕಿಂತ ಕಡಿಮೆ.

4. ಹೀಗಾದಾಗ ರೋಬಸ್ಟ್ ಪರೀಕ್ಷೆಗೆ ಹೋಗಿ. 1996ರಲ್ಲಿ ಆನ್ಸೆಲಿನ್, ಬೇರಾ, ಫ್ಲೋರಾಕ್ಸ್, ಯೂನ್ ರೂಪಿಸಿದ ಇದು ಒಂದು ಪ್ರಭಾವವನ್ನು ಬದಿಗಿಟ್ಟು ಇನ್ನೊಂದನ್ನು ಅಳೆಯುತ್ತದೆ. ಇಲ್ಲಿ ಎರರ್‌ನ ಪಿ-ಮೌಲ್ಯ ಸುಮಾರು 0.8ಕ್ಕೆ ಏರುತ್ತದೆ, ಲ್ಯಾಗ್‌ನದು 0.05ರ ಅಂಚಿನಲ್ಲೇ ಉಳಿಯುತ್ತದೆ. ತಕ್ಕಡಿ ಲ್ಯಾಗ್ ಕಡೆ ವಾಲಿತು.

5. ಮಾದರಿಗಳನ್ನು ಹೊಂದಿಸಿ, ಅವು ದತ್ತಾಂಶಕ್ಕೆ ಎಷ್ಟು ಹೊಂದುತ್ತವೆಂದು ತೋರುವ ಎಐಸಿ ಅಂಕ ಹೋಲಿಸಿ. ಕಡಿಮೆ ಇದ್ದಷ್ಟೂ ಒಳ್ಳೆಯದು. ಸಾಮಾನ್ಯ ರಿಗ್ರೆಷನ್‌ಗೆ ಸುಮಾರು 383, ಎರರ್‌ಗೆ 377, ಲ್ಯಾಗ್‌ಗೆ 375. ಹೊಸ ಶೇಷಗಳಲ್ಲಿ ಗುಂಪುಗೂಡುವಿಕೆ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

6. ಗುಣಾಂಕವನ್ನು ನೇರವಾಗಿ ಓದಬೇಡಿ. ಲ್ಯಾಗ್ ಮಾದರಿಯಲ್ಲಿ ಆದಾಯದ ಗುಣಾಂಕ ಸುಮಾರು -1.03. ಆದರೆ ಒಂದು ಬಡಾವಣೆಯ ಬದಲಾವಣೆ ನೆರೆಗೆ ಹೋಗಿ ಮತ್ತೆ ತನ್ನಲ್ಲಿಗೇ ಮರಳುತ್ತದೆ. ನೆರೆ ಪ್ರಭಾವದ ಗುಣಾಂಕ 0.43 ಆದ್ದರಿಂದ, -1.03ನ್ನು (1 - 0.43), ಅಂದರೆ 0.57ರಿಂದ ಭಾಗಿಸಿದರೆ ಒಟ್ಟು ಪರಿಣಾಮ ಸುಮಾರು -1.81. ವರದಿಯಲ್ಲಿ ನೇರ, ಪರೋಕ್ಷ, ಒಟ್ಟು ಪರಿಣಾಮ ಮೂರನ್ನೂ ಕೊಡಿ.

7. ಕೊನೆಗೆ ಬೇರೊಂದು ನೆರೆಪಟ್ಟಿಯಿಂದಲೂ ಲೆಕ್ಕ ಮಾಡಿ. ತೀರ್ಮಾನ ಬದಲಾದರೆ ಅದನ್ನೂ ಬರೆಯಿರಿ.

0.05ರ ಅಂಚಿನಲ್ಲಿ ನಿಂತ ಸಂಖ್ಯೆ, ಅದೂ 49 ಬಡಾವಣೆಗಳಿಂದ ಬಂದದ್ದು, ಒಂಟಿಯಾಗಿ ತೀರ್ಪು ಕೊಡಲಾರದು. ಪಕ್ಕದ ಬಡಾವಣೆಯ ಕಳ್ಳತನ ನಮ್ಮಲ್ಲಿಗೆ ಹರಡುವುದು ಹೇಗೆಂದು ವಿವರಿಸಬಲ್ಲಿರಾದರೆ ಮಾತ್ರ ಲ್ಯಾಗ್ ಮಾದರಿ ಆರಿಸಿಕೊಳ್ಳಿ.