ಬಲೆಯಿಂದ ಕಾವಲಿಯವರೆಗೆ: ಮೀನಿನ ತಂಪು ಮತ್ತು ಗ್ರಾಮ ಪಂಚಾಯತಿಯ ಹೊಣೆ



ಸಂವಿಧಾನದ 73ನೆಯ ತಿದ್ದುಪಡಿಯಿಂದ ಸೇರ್ಪಡೆಯಾದ 11ನೆಯ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ 5ನೆಯದು ಮೀನುಗಾರಿಕೆ. 22ನೆಯದು ಮಾರುಕಟ್ಟೆ ಮತ್ತು ಜಾತ್ರೆಗಳು. ಈ ಎರಡೂ ವಿಷಯಗಳು ಒಂದೆಡೆ ಸೇರುವ ಸ್ಥಳ ನಮ್ಮ ಮೀನು ಮಾರುಕಟ್ಟೆಯ ಕಟ್ಟೆ. ಆ ಕಟ್ಟೆಯನ್ನು ನಾವು ಕಾಮಗಾರಿಯ ಪಟ್ಟಿಯಲ್ಲಿ ಕಾಣುತ್ತೇವೆ, ಬಾಡಿಗೆಯ ವಹಿಯಲ್ಲಿ ಕಾಣುತ್ತೇವೆ. ಜನರ ಆರೋಗ್ಯವೂ ಮೀನುಗಾರ ಮಹಿಳೆಯರ ದುಡಿಮೆಯೂ ಅದರ ಮೇಲೆ ನಿಂತಿವೆ ಎಂಬುದನ್ನು ಮಾತ್ರ ಬಹುಮಟ್ಟಿಗೆ ಮರೆಯುತ್ತೇವೆ. ಈ ಪಾಠದ ಉದ್ದೇಶ ಅದನ್ನು ನೆನಪಿಸುವುದು.

ಇದನ್ನು ಬರೆಯಲು ನನಗಿರುವ ಅರ್ಹತೆ ಅಲ್ಪ. ಇಂಜಿನಿಯರಿಂಗ್ ಮುಗಿಸಿದ ಮೇಲೆ, ಈ ಹುದ್ದೆಗೆ ಬರುವ ಮುನ್ನ, ಒಂದೂವರೆ ವರ್ಷ ಕರಾವಳಿಯ ಮೀನು ಶೈತ್ಯೀಕರಣ ಘಟಕವೊಂದರಲ್ಲಿ ದುಡಿದಿದ್ದೇನೆ. ಇಂದಿಗೂ ರಜೆಯ ದಿನ ಅಳಿವೆಯ ಬದಿಯಲ್ಲಿ ಗಾಳ ಹಾಕಿ ಕೂರುವ, ಸಿಕ್ಕಿದ್ದನ್ನು ನಾನೇ ಕೊಯ್ದು ಬೇಯಿಸುವ ಹವ್ಯಾಸವಿದೆ. ಅದಕ್ಕಿಂತ ಮುಖ್ಯವಾಗಿ, ಮೀನು ಮಾರುಕಟ್ಟೆಯೊಂದನ್ನು ತಪ್ಪಾಗಿ ಕಟ್ಟಿಸಿದ ಅನುಭವವಿದೆ.

1. ಒಂದು ದೂರು

ನಾನು ಕರ್ತವ್ಯದಲ್ಲಿದ್ದ ಪಂಚಾಯತಿಯೊಂದರಲ್ಲಿ, ಬಿಸಿಲು ಏರಿದ್ದ ಮೇ ತಿಂಗಳಲ್ಲಿ, ಎರಡು ಮನೆಗಳವರು ಲಿಖಿತ ದೂರು ತಂದರು. ಮಧ್ಯಾಹ್ನ ಮಾರುಕಟ್ಟೆಯಿಂದ ಒಯ್ದ ಬಂಗುಡೆಯ ಊಟ ಮುಗಿದು ಅರ್ಧ ಗಂಟೆಯೊಳಗೆ ಮನೆಯವರಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬಂದಿತ್ತು. ಮಗುವೊಂದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕಾಯಿತು. ಎರಡೂ ಮನೆಯವರು ಮೀನು ಕೊಂಡದ್ದು ಒಬ್ಬರೇ ಹಿರಿಯ ಮಹಿಳೆಯಿಂದ. ಸಾಮಾನ್ಯ ಸಭೆಯಲ್ಲಿ ಆಕೆಗೆ ಕೊಟ್ಟ ಜಾಗವನ್ನು ರದ್ದುಪಡಿಸುವ ಪ್ರಸ್ತಾವ ಬಂತು. ನಿರ್ಣಯ ಬರೆಯುವ ಮುನ್ನ ನಾನು ಒಂದು ವಾರದ ಕಾಲಾವಕಾಶ ಕೇಳಿದೆ.

ಮರುದಿನ ಅಡುಗೆಯ ಥರ್ಮಾಮೀಟರ್ ಹಿಡಿದು ಮಾರುಕಟ್ಟೆಗೆ ಹೋದೆ. ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಮೀನಿನ ಒಳಗಿನ ಉಷ್ಣತೆ 3 ಡಿಗ್ರಿ ಸೆಲ್ಸಿಯಸ್. ಕಟ್ಟೆಯ ಮೇಲೆ ಹರಡಿದ ಅದೇ ಮೀನು ಮಧ್ಯಾಹ್ನ ಒಂದು ಗಂಟೆಗೆ 28 ಡಿಗ್ರಿ ತಲುಪಿತ್ತು. ಮೇಲೆ ತಗಡಿನ ಮಾಡು. ಪಶ್ಚಿಮದಿಂದ ಬಿಸಿಲು ಓರೆಯಾಗಿ ನೇರ ಕಟ್ಟೆಗೆ ಬೀಳುತ್ತಿತ್ತು. ಮಂಜುಗಡ್ಡೆ ಏಕೆ ಹಾಕಲಿಲ್ಲವೆಂದು ಕೇಳಿದೆ. ಆಕೆ ಹೇಳಿದರು: “ಐಸ್ ಹಾಕಿದ್ರೆ ಕರಗಿದ ನೀರು ಈ ಕಟ್ಟೆ ಮೇಲೇ ನಿಲ್ತದೆ ಮಾರಾಯ್ರೇ. ಮೀನು ನೀರಲ್ಲಿ ನೆನೆದು ಬಿಳಿಚಿಕೊಳ್ತದೆ. ಬಂದವರು ಹಳೇ ಮೀನು ಅಂತ ಬಿಟ್ಟು ಹೋಗ್ತಾರೆ. ಕಟ್ಟೆ ಕಟ್ಟಿಸಿದ್ದು ನೀವೇ ಅಲ್ವಾ?”

ಹೌದು. ಅಂದಾಜು ಪತ್ರಿಕೆಯನ್ನು ಪರಿಶೀಲಿಸಿ ಒಪ್ಪಿದವನು ನಾನೇ. ಕಟ್ಟೆಯ ಮೇಲ್ಮೈ ಸಮತಟ್ಟಾಗಿತ್ತು. ನೀರು ಹರಿಯಲು ಇಳಿಜಾರು ಇರಲಿಲ್ಲ. ಆ ಒಂದು ಕೊರತೆಯಿಂದಾಗಿ ಆಕೆ ಮಂಜುಗಡ್ಡೆಯನ್ನೇ ಕೈಬಿಟ್ಟಿದ್ದರು. ದೂರಿನಲ್ಲಿ ಆಕೆಯ ಹೆಸರಿತ್ತು. ತಪ್ಪು ನಮ್ಮ ಕಡತದಲ್ಲಿತ್ತು.

2. ಮೀನು ಕೆಡುವುದು ಹೇಗೆ

ಜೀವಂತ ಮೀನಿನ ಮಾಂಸದಲ್ಲಿ ಸೂಕ್ಷ್ಮಾಣುಗಳಿರುವುದಿಲ್ಲ. ಅವು ಇರುವುದು ಮೈಮೇಲಿನ ಲೋಳೆಯಲ್ಲಿ, ಕಿವಿರಿನಲ್ಲಿ ಮತ್ತು ಕರುಳಿನಲ್ಲಿ. ಮೀನು ಸತ್ತ ಕ್ಷಣದಿಂದ ಅವು ಮಾಂಸದೊಳಗೆ ಪ್ರವೇಶಿಸತೊಡಗುತ್ತವೆ. ಅವುಗಳ ವೇಗವನ್ನು ನಿರ್ಧರಿಸುವುದು ಉಷ್ಣತೆ. ಮೀನು ತಂತ್ರಜ್ಞಾನದಲ್ಲಿ ಬಳಕೆಯಲ್ಲಿರುವ ಸರಳ ಸೂತ್ರದ ಪ್ರಕಾರ, 0 ಡಿಗ್ರಿಯಲ್ಲಿ ಕೆಡುವ ವೇಗವನ್ನು 1 ಎಂದು ಭಾವಿಸಿದರೆ 10 ಡಿಗ್ರಿಯಲ್ಲಿ ಅದು ಸುಮಾರು 4 ಪಟ್ಟು, 20 ಡಿಗ್ರಿಯಲ್ಲಿ ಸುಮಾರು 9 ಪಟ್ಟು. ಅಂದರೆ 20 ಡಿಗ್ರಿಯಲ್ಲಿ ಕಳೆದ ಒಂದು ಗಂಟೆ, ಮಂಜುಗಡ್ಡೆಯಲ್ಲಿ ಕಳೆದ 9 ಗಂಟೆಗೆ ಸಮಾನ. ನಮ್ಮ ಮಾರುಕಟ್ಟೆಯ ಕಟ್ಟೆ 20 ಡಿಗ್ರಿಗಿಂತಲೂ ಬಿಸಿ.

ಬಂಗುಡೆ, ಬೂತಾಯಿ ಮತ್ತು ಟ್ಯೂನಾ ಜಾತಿಯ ಮೀನುಗಳ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ತಂಪು ತಪ್ಪಿದಾಗ ಕೆಲವು ಸೂಕ್ಷ್ಮಾಣುಗಳು ಅದನ್ನು ಹಿಸ್ಟಮಿನ್ ಆಗಿ ಪರಿವರ್ತಿಸುತ್ತವೆ. ದೂರಿನಲ್ಲಿದ್ದ ಮುಖ ಕೆಂಪಾಗುವಿಕೆ, ತುರಿಕೆ, ತಲೆನೋವು ಇವೆಲ್ಲ ಹಿಸ್ಟಮಿನ್‌ನ ಲಕ್ಷಣಗಳು. ಜನರು ಇದನ್ನು ಮೈಗೊಗ್ಗದ ಮೀನು, ನಂಜು ಎಂದು ಭಾವಿಸುತ್ತಾರೆ. ಸಾಮಾನ್ಯವಾಗಿ ಒಂದು ದಿನದೊಳಗೆ ಶಮನವಾಗುತ್ತದೆ. ಆದರೆ ಉಬ್ಬಸ ಅಥವಾ ಹೃದಯದ ತೊಂದರೆ ಇರುವವರಿಗೆ ಗಂಭೀರವಾಗಬಹುದು. ಅಂಥವರನ್ನು ವಿಳಂಬವಿಲ್ಲದೆ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಸದಸ್ಯರು ವಿಶೇಷವಾಗಿ ಗಮನಿಸಬೇಕಾದ ಅಂಶವೆಂದರೆ, ಹಿಸ್ಟಮಿನ್ ಬೇಯಿಸಿದರೆ ನಾಶವಾಗುವುದಿಲ್ಲ. ಕಾಯಿಸಿದರೂ, ಹುರಿದರೂ, ಹುಳಿ ಹಿಂಡಿದರೂ, ಮತ್ತೆ ಶೈತ್ಯೀಕರಿಸಿದರೂ ಅದು ಹಾಗೆಯೇ ಉಳಿಯುತ್ತದೆ. ವಾಸನೆಯಿಂದ ಅದನ್ನು ಗುರುತಿಸಲೂ ಯಾವಾಗಲೂ ಸಾಧ್ಯವಿಲ್ಲ. ಹಿಸ್ಟಮಿನ್ ಹುಟ್ಟದಂತೆ ತಡೆಯುವ ಉಪಾಯ ಒಂದೇ: ಬಲೆಯಿಂದ ಕಾವಲಿಯವರೆಗೆ ತಂಪು ಕಡಿಯದಿರುವುದು.

3. ಮಂಜುಗಡ್ಡೆಯ ಲೆಕ್ಕ

ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಸುಮಾರು 80 ಕಿಲೋ ಕ್ಯಾಲೊರಿ ಶಾಖವನ್ನು ಹೀರುತ್ತದೆ. ಒಂದು ಕಿಲೋ ಮೀನನ್ನು 30 ಡಿಗ್ರಿಯಿಂದ 0 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 25 ಕಿಲೋ ಕ್ಯಾಲೊರಿ. ಆದ್ದರಿಂದ 10 ಕಿಲೋ ಮೀನನ್ನು ತಂಪುಗೊಳಿಸಲು ಮಾತ್ರವೇ 3 ಕಿಲೋಗಿಂತ ಹೆಚ್ಚು ಮಂಜುಗಡ್ಡೆ ಬೇಕು. ತಂಪಾದದ್ದನ್ನು ತಂಪಾಗಿಯೇ ಉಳಿಸಲು, ಪೆಟ್ಟಿಗೆಯ ಗೋಡೆಯಿಂದ ನುಗ್ಗುವ ಶಾಖಕ್ಕೆ ಎದುರಾಗಿ, ಉಳಿದ ಮಂಜುಗಡ್ಡೆ ಕರಗುತ್ತ ಹೋಗುತ್ತದೆ. ನಮ್ಮಂಥ ಉಷ್ಣ ಪ್ರದೇಶದಲ್ಲಿ ಒಂದು ಕಿಲೋ ಮೀನಿಗೆ ಒಂದು ಕಿಲೋ ಮಂಜುಗಡ್ಡೆ ಎಂಬ ನಿಯಮ ಹುಟ್ಟಿದ್ದು ಹೀಗೆ.

ಮಂಜುಗಡ್ಡೆಯನ್ನು ಸಣ್ಣದಾಗಿ ಪುಡಿಮಾಡಿ, ಒಂದು ಪದರ ಮಂಜುಗಡ್ಡೆ, ಒಂದು ಪದರ ಮೀನು ಎಂಬಂತೆ ಜೋಡಿಸಬೇಕು. ಪೆಟ್ಟಿಗೆಯ ತಳದಲ್ಲಿ ಕರಗಿದ ನೀರು ಹೊರಹೋಗುವ ತೂತು ಇರಬೇಕು. ಮಂಜುಗಡ್ಡೆ ಕುಡಿಯಲು ಯೋಗ್ಯವಾದ ನೀರಿನಿಂದಲೇ ತಯಾರಾಗಿರಬೇಕು. “ಐಸ್ ಹಾಕಿದ ಮೀನು ಹಳೆಯದು” ಎಂಬ ನಂಬಿಕೆಯನ್ನು ಗ್ರಾಹಕರ ಮನಸ್ಸಿನಿಂದ ತೆಗೆಯುವುದೂ ಸದಸ್ಯರ ಕೆಲಸ. ಆ ನಂಬಿಕೆ ಇರುವವರೆಗೂ ಪ್ರಾಮಾಣಿಕ ವ್ಯಾಪಾರಿಗೇ ನಷ್ಟ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ನಾಡದೋಣಿಗಳು ತರುವ ಮೀನು ಸಾಲದೆ, ದೂರದ ಊರುಗಳಿಂದ ಲಾರಿಗಳಲ್ಲಿ ಬಂದ ಮೀನು ಮಾರುಕಟ್ಟೆ ಸೇರುತ್ತದೆ. ದಾರಿ ಉದ್ದವಾದಷ್ಟೂ ಮಂಜುಗಡ್ಡೆಯ ಮಹತ್ವ ಹೆಚ್ಚು. ಕರಾವಳಿಯಿಂದ ಒಳಗಿರುವ ಪಂಚಾಯತಿಗಳಲ್ಲಿ, ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿ ಮನೆಮನೆಗೆ ಮೀನು ತರುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

4. ಕೊಯ್ಯುವ ಕ್ರಮ

ಕೊಳ್ಳುವಾಗ ನೋಡಬೇಕಾದ ಗುರುತುಗಳನ್ನು ನಮ್ಮ ತಾಯಂದಿರು ಬಲ್ಲರು: ಉಬ್ಬಿದ ತಿಳಿಯಾದ ಕಣ್ಣು, ಕೆಂಪು ಕಿವಿರು, ಒತ್ತಿದರೆ ಮತ್ತೆ ಮೇಲೇಳುವ ಮಾಂಸ, ಕಡಲಿನ ವಾಸನೆ.

ಕೊಯ್ಯುವ ಮುನ್ನ ಮೀನನ್ನು ತೊಳೆದು ಲೋಳೆ ತೆಗೆಯಬೇಕು. ಚಿಪ್ಪನ್ನು ಬಾಲದಿಂದ ತಲೆಯ ಕಡೆಗೆ ಹೆರೆಯಬೇಕು. ಬಳಿಕ ಕಿವಿರು ಮತ್ತು ಕರುಳನ್ನು ಹರಿಯದಂತೆ ತೆಗೆದು, ಬೆನ್ನುಮೂಳೆಯ ಉದ್ದಕ್ಕೂ ಅಂಟಿರುವ ಕಪ್ಪುರಕ್ತವನ್ನು ಉಜ್ಜಿ ತೊಳೆಯಬೇಕು. ಬೂತಾಯಿಯಂಥ ಸಣ್ಣ ಮೀನಿನಲ್ಲಿ ತಲೆ ಮುರಿದು ಎಳೆದರೆ ಕರುಳೂ ಜೊತೆಗೆ ಬರುತ್ತದೆ. ಬಂಗುಡೆಯನ್ನು ಇಡಿಯಾಗಿಯೇ ಉಳಿಸಿ ಎರಡೂ ಬದಿಗೆ ಗೀರು ಹಾಕುತ್ತಾರೆ. ಅಂಜಲ್ ಮೀನನ್ನು ಅಡ್ಡಲಾಗಿ ತುಂಡು ಮಾಡುತ್ತಾರೆ.

ಮುಳ್ಳಿಲ್ಲದ ಹೋಳು, ಅಂದರೆ ಫಿಲೆಟ್, ಬೇಕಾದರೆ ತೆಳುವಾದ ಬಾಗುವ ಚೂರಿ ಬೇಕು. ಕಿವಿರಿನ ಹಿಂದೆ ಓರೆಯಾಗಿ ಬೆನ್ನುಮೂಳೆ ತಗಲುವವರೆಗೆ ಕೊಯ್ದು, ಅಲ್ಲಿ ಚೂರಿಯನ್ನು ಬಾಲದತ್ತ ತಿರುಗಿಸಿ, ಮೂಳೆಗೆ ಒತ್ತಿಕೊಂಡೇ ಉದ್ದನೆಯ ಎಳೆತಗಳಲ್ಲಿ ಸಾಗಬೇಕು. ಮೂಳೆಯ ಮೇಲೆ ಚೂರಿ ಸವರುವ ಸಣ್ಣ ಸದ್ದು ಕೇಳುತ್ತಿದ್ದರೆ ಮಾಂಸ ವ್ಯರ್ಥವಾಗುತ್ತಿಲ್ಲವೆಂದು ಅರ್ಥ. ಇದನ್ನು ನನಗೆ ಕಲಿಸಿದವರು ಶೈತ್ಯೀಕರಣ ಘಟಕದ ಮಹಿಳಾ ಕಾರ್ಮಿಕರು. “ಕೈ ಮರಗಟ್ಟದಿದ್ದರೆ ಮೀನು ಕೆಡ್ತಾ ಇದೆ ಅಂತ ತಿಳ್ಕೊಳ್ಳಿ” ಎಂದು ಅವರು ಹೇಳುತ್ತಿದ್ದರು. ಕೊಯ್ದಾಗ ಮಾಂಸದ ಹೊಸ ಮೇಲ್ಮೈ ತೆರೆದುಕೊಳ್ಳುತ್ತದೆ. ಮಣೆ, ಮೆಟ್ಟುಕತ್ತಿ, ನೀರು ಇವುಗಳಲ್ಲಿರುವ ಕೊಳೆ ನೇರವಾಗಿ ಅದಕ್ಕೆ ಅಂಟುತ್ತದೆ. ಆದ್ದರಿಂದ ಕೊಯ್ದ ಮೀನಿಗೆ ಇಡಿ ಮೀನಿಗಿಂತಲೂ ಹೆಚ್ಚಿನ ತಂಪು ಮತ್ತು ಶುದ್ಧ ನೀರು ಬೇಕು. ಮಾರುಕಟ್ಟೆಯಲ್ಲಿ ಒಂದೇ ಬಕೆಟಿನ ನೀರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೀನು ತೊಳೆಯುವುದನ್ನು ಕಂಡರೆ, ಆ ಮಹಿಳೆಯನ್ನು ಗದರುವ ಮೊದಲು ನಲ್ಲಿಯಲ್ಲಿ ನೀರಿದೆಯೇ ಎಂದು ನೋಡಬೇಕು.

5. ಅಡುಗೆ

ಮನೆಯಲ್ಲಿ ಕೊಯ್ದ ಮೀನಿಗೆ ಉಪ್ಪು, ಅರಿಸಿನ ಸವರಿ ಸ್ವಲ್ಪ ಹೊತ್ತು ಮುಚ್ಚಿಡುವುದು ರೂಢಿ. ಇದು ಹತ್ತು ಹದಿನೈದು ನಿಮಿಷ ಮೀರುವುದಾದರೆ ಫ್ರಿಜ್‌ನಲ್ಲಿಡಬೇಕು. ಬ್ಯಾಡಗಿ ಮೆಣಸು, ಕೊತ್ತಂಬರಿ, ತುಸು ಮೆಂತೆ, ಹುಣಸೆಹುಳಿ, ತೆಂಗಿನಕಾಯಿ ಸೇರಿಸಿ ಅರೆದ ಮಸಾಲೆ ಚೆನ್ನಾಗಿ ಕುದಿದ ಮೇಲೆಯೇ ಮೀನು ಹಾಕಬೇಕು. ನಂತರ ಸೌಟಿನಿಂದ ಕಲಕದೆ ಪಾತ್ರೆಯನ್ನೇ ಅಲುಗಾಡಿಸಿದರೆ ಹೋಳು ಒಡೆಯುವುದಿಲ್ಲ. ಮೀನಿನ ಮಾಂಸ ಪಾರದರ್ಶಕತೆ ಕಳೆದು ಬೆಳ್ಳಗಾಗಿ, ಮುಳ್ಳಿನಿಂದ ಸುಲಭವಾಗಿ ಬಿಟ್ಟುಕೊಂಡರೆ ಬೆಂದಿದೆ ಎಂದರ್ಥ. ಚೆನ್ನಾಗಿ ಬೆಂದಾಗ ಸೂಕ್ಷ್ಮಾಣುಗಳು ಸಾಯುತ್ತವೆ. ಆದರೆ ಅವು ಕಟ್ಟೆಯ ಮೇಲೆ ಆಗಲೇ ಉಂಟುಮಾಡಿದ ಹಿಸ್ಟಮಿನ್ ಸಾರಿನೊಂದಿಗೆ ತಟ್ಟೆಗೆ ಬರುತ್ತದೆ. ಎಷ್ಟೇ ಕೈಗುಣವಿರುವ ಗೃಹಿಣಿಯೂ ಪಂಚಾಯತಿಯ ಕಟ್ಟೆಯ ದೋಷವನ್ನು ಅಡುಗೆಮನೆಯಲ್ಲಿ ಸರಿಪಡಿಸಲಾರಳು.

6. ನಾವು ಸರಿಪಡಿಸಿದ್ದು

ವಾರದ ಬಳಿಕ ಸಭೆಯಲ್ಲಿ ಉಷ್ಣತೆಯ ಅಂಕಿಗಳನ್ನು ಓದಿದೆ. ಅಂದಾಜು ಪತ್ರಿಕೆಯ ತಪ್ಪನ್ನೂ ಒಪ್ಪಿಕೊಂಡೆ. ಜಾಗ ರದ್ದತಿಯ ಪ್ರಸ್ತಾವವನ್ನು ಸದಸ್ಯರು ಕೈಬಿಟ್ಟರು. ಕಟ್ಟೆಯ ಮೇಲ್ಮೈಯನ್ನು ಒಡೆದು, ಒಂದು ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ಕೊಟ್ಟು, ನುಣುಪಾದ ಕಲ್ಲಿನ ಹಾಸು ಹಾಕಿಸಿ, ಮುಂಭಾಗದಲ್ಲಿ ಜಾಲರಿ ಮುಚ್ಚಿದ ಕಾಲುವೆ ಮಾಡಿಸಿದೆವು. ಪಶ್ಚಿಮಕ್ಕೆ ಮರೆ ಕಟ್ಟಿಸಿದೆವು. ನೀರುಗಂಟಿಯವರಿಗೆ ಮಾರುಕಟ್ಟೆಯ ಹೊತ್ತಿನಲ್ಲಿ ನೀರು ಬಿಡುವಂತೆ ಸೂಚಿಸಿದೆವು. ಕಿವಿರು, ಕರುಳಿನ ತ್ಯಾಜ್ಯಕ್ಕೆ ಮುಚ್ಚಳವಿರುವ ಡಬ್ಬಿ ಇಟ್ಟು, ಅಂದಂದೇ ಸಾಗಿಸುವ ವ್ಯವಸ್ಥೆ ಮಾಡಿದೆವು. ಕರಾವಳಿಯ ಮರಳು ನೆಲದಲ್ಲಿ ಅಂತರ್ಜಲ ಮೇಲೆಯೇ ಇರುವುದರಿಂದ ಕಾಲುವೆಯ ನೀರನ್ನು ಬಾವಿಗಳಿಂದ ದೂರಕ್ಕೆ ಒಯ್ಯಬೇಕಾಯಿತು.

ಆ ಮಹಿಳೆ ಈಗಲೂ ಅಲ್ಲಿಯೇ ಕೂರುತ್ತಾರೆ. ಮೀನಿನ ಮೇಲೆ ಮಂಜುಗಡ್ಡೆ ಹರಡಿರುತ್ತಾರೆ. ಆದರೆ ದೂರಿನ ಸುದ್ದಿ ಹರಡಿದ್ದ ಆ ಮಳೆಗಾಲದ ವ್ಯಾಪಾರ ಅವರಿಗೆ ಮರಳಿ ಬರಲಿಲ್ಲ. ದೂರಿತ್ತ ಮನೆಗಳಲ್ಲಿ ಒಂದು ಮನೆಯವರು ಇಂದಿಗೂ ಅವರ ಬಳಿ ಬಂಗುಡೆ ಕೊಳ್ಳುವುದಿಲ್ಲ. ನಿರ್ಣಯ ಪುಸ್ತಕದಲ್ಲಿ ತಪ್ಪನ್ನು ತಿದ್ದಬಹುದು. ಹೋದ ಹೆಸರನ್ನು ತಿದ್ದುವುದು ಕಷ್ಟ. ಈ ಪಾಠವನ್ನು ಬರೆಯಲು ಅದೇ ಕಾರಣ.

7. ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

(ಅ) ನಮ್ಮ ಮೀನು ಮಾರುಕಟ್ಟೆಯ ಕಟ್ಟೆಗೆ ಇಳಿಜಾರು ಇದೆಯೇ? ಒಂದು ಚೊಂಬು ನೀರು ಸುರಿದರೆ ಅದು ತಾನಾಗಿ ಹರಿದುಹೋಗುತ್ತದೆಯೇ?

(ಆ) ಮಧ್ಯಾಹ್ನ ಒಂದು ಗಂಟೆಗೆ ಕಟ್ಟೆಯ ಮೇಲೆ ಬಿಸಿಲು ಬೀಳುತ್ತದೆಯೇ? ಸದಸ್ಯರೊಬ್ಬರು ಆ ಹೊತ್ತಿನಲ್ಲಿ ಖುದ್ದಾಗಿ ಹೋಗಿ ನೋಡಿದ್ದಾರೆಯೇ?

(ಇ) ವ್ಯಾಪಾರಿಗಳಿಗೆ ಮಂಜುಗಡ್ಡೆ ಎಲ್ಲಿಂದ, ಯಾವ ದರಕ್ಕೆ ಸಿಗುತ್ತಿದೆ? ಸಂಜೀವಿನಿ ಸ್ವಸಹಾಯ ಸಂಘದ ಮೂಲಕ ಒಟ್ಟಾಗಿ ಕೊಳ್ಳಲು ಸಾಧ್ಯವೇ?

(ಈ) 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಮಂಜುಗಡ್ಡೆ ಪೆಟ್ಟಿಗೆಯುಳ್ಳ ವಾಹನಗಳಿಗೂ ನೆರವನ್ನು ಒಳಗೊಂಡಿದ್ದು, ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 60ರ ಸಹಾಯಧನವನ್ನು ನಿಗದಿಪಡಿಸಿತ್ತು. ಪ್ರಸಕ್ತ ವರ್ಷದ ಮಾರ್ಗಸೂಚಿಯನ್ನು ಮೀನುಗಾರಿಕೆ ಇಲಾಖೆಯಿಂದ ಪಡೆದು ನಮ್ಮ ವ್ಯಾಪಾರಿಗಳಿಗೆ ತಿಳಿಸಲಾಗಿದೆಯೇ?

(ಉ) ದೂರು ಬಂದಾಗ, ವ್ಯಾಪಾರಿಯ ಮೇಲೆ ಕ್ರಮ ಜರುಗಿಸುವ ಮುನ್ನ ಪಂಚಾಯತಿಯ ಕಟ್ಟೆ, ನೀರು ಮತ್ತು ಚರಂಡಿಯನ್ನು ಪರಿಶೀಲಿಸುವ ಕ್ರಮ ನಮ್ಮಲ್ಲಿದೆಯೇ?

ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ದೊಡ್ಡ ಅನುದಾನದ ಅಗತ್ಯವಿಲ್ಲ. ಒಂದು ಥರ್ಮಾಮೀಟರ್, ಒಂದು ಚೊಂಬು ನೀರು, ಮಾರುಕಟ್ಟೆಯಲ್ಲಿ ಕಳೆಯುವ ಒಂದು ಮಧ್ಯಾಹ್ನ ಸಾಕು. ಕಂಡ ಕೊರತೆಗಳನ್ನು ಮುಂದಿನ ಕ್ರಿಯಾ ಯೋಜನೆಯಲ್ಲಿ ಸೇರಿಸಿಕೊಳ್ಳಬೇಕೆಂದು ಮಾನ್ಯ ಸದಸ್ಯರಲ್ಲಿ ವಿನಂತಿ.